ಮೂರು ವರ್ಷದ ಬುದ್ಧಿ ನೂರು ವರ್ಷದ ತನಕವೇ?

‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮಗುವಿನ ಹಠವನ್ನು ಕಂಡು ಅಜ್ಜಿ ನಗುತ್ತ ಆಡುವ ಮಾತೂ ಇದೇ. ಬೆಳೆದ ಮಗನ ನಡತೆಯನ್ನು ಕಂಡು ತಂದೆ ನಿಟ್ಟುಸಿರಿಟ್ಟು ಆಡುವ ಮಾತೂ ಇದೇ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ಇದರ ಒಡಹುಟ್ಟು. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂದು ನಂಬಿ ಬಂದ ಜನ ನಾವು. ಆದರೂ ಈ ಒಂದು ಗಾದೆಯನ್ನು ನಮ್ಮ ವಿದ್ಯಾರ್ಥಿಗಳ ಮುಂದಿಟ್ಟು, ಇದು ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ನಿಜವಲ್ಲ ಎಂಬುದನ್ನು ವಿಚಾರ ಮಾಡಬೇಕೆಂದು ಬಹಳ ದಿನಗಳಿಂದ ನಮಗೆ ಆಸೆಯಿದ್ದಿತು. ಆ ಆಸೆಗೆ ಕಾರಣವಾದ ಒಂದು ಘಟನೆಯನ್ನು ಮೊದಲು ಹೇಳುತ್ತೇವೆ. ಅದು ನಮ್ಮ ಹೆಮ್ಮೆಯ ಕಥೆಯಲ್ಲ.

ನಾವು ತಿಪಟೂರು ಸೀಮೆಯ ಹಳ್ಳಿಯೊಂದರವರು. ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿಯನ್ನು ಮುಗಿಸಿ, ಮುಂದೆ ಉಪಾಧ್ಯಾಯರ ತರಬೇತಿಯನ್ನು ಪಡೆದು, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿಗಳನ್ನು ಕಳೆದು ಈ ರಾಜಧಾನಿಗೆ ಬಂದಿಳಿದವರು. ಬರುವಾಗ ಕೈಯಲ್ಲಿ ಒಂದು ಪೆಟ್ಟಿಗೆಯೂ ತಾಯಿ ಕಟ್ಟಿಕೊಟ್ಟ ಕೊಬ್ಬರಿಯ ಗಂಟೂ ಇದ್ದುವು. ಕಣ್ಣಿಗೆ ಕಾಣದ ಮತ್ತೊಂದು ಗಂಟೂ ನಮ್ಮೊಡನೆ ಪ್ರಯಾಣ ಮಾಡಿದ್ದಿತೆಂಬುದು ಗೊತ್ತಾದುದು ಕೆಲವು ವರ್ಷಗಳ ಅನಂತರ.

ವೃತ್ತಿಯ ಮೊದಮೊದಲಿನ ದಿನಗಳಲ್ಲಿ ಒಮ್ಮೆ ಆರನೆಯ ತರಗತಿಗೆ ಉಕ್ತಲೇಖನ ಬರೆಸುತ್ತಿದ್ದೆವು. ಹಿಂದಿನ ಸಾಲಿನ ಹುಡುಗನೊಬ್ಬ ಒತ್ತಕ್ಷರಗಳನ್ನೆಲ್ಲ ತಪ್ಪಾಗಿ ಬರೆದಿದ್ದ. ಹಿಂದಿನ ದಿನ ತಿದ್ದಿಕೊಟ್ಟಿದ್ದ ಶಬ್ದಗಳೇ ಮತ್ತೆ ತಪ್ಪಾಗಿದ್ದುವು. ಅಂದು ನಮಗೆ ನಿದ್ರೆ ಸಾಲದಾಗಿತ್ತೋ, ಬಸ್ಸಿನ ನೂಕುನುಗ್ಗಲಿನಿಂದ ಮನಸ್ಸು ಕೆಟ್ಟಿತ್ತೋ, ಈಗ ನೆಪ ಹೇಳಿ ಪ್ರಯೋಜನವಿಲ್ಲ. ಪುಸ್ತಕವನ್ನು ಅವನ ಮುಂದೆ ರಪ್ಪನೆ ಎಸೆದು, “ದಂಡಪಿಂಡ!” ಎಂದು ಗದರಿದೆವು. ಹುಡುಗ ಎಡಗೈಯಿಂದ ಕಿವಿಯನ್ನು ಮುಚ್ಚಿಕೊಂಡು, ಭುಜವನ್ನು ಮೇಲೆತ್ತಿ, ತಲೆಯನ್ನು ಪಕ್ಕಕ್ಕೆ ಸರಿಸಿದ. ನಾವು ಹೊಡೆಯಲು ಹೋಗಿರಲಿಲ್ಲ. ಆದರೆ ಹೊಡೆತ ಬಂದೇ ಬರುವುದೆಂದು ಅವನ ಮೈಗೆ ತಿಳಿದಿದ್ದಿತು.

ಅದನ್ನು ನೋಡಿ ನಾವು ನಿಂತಲ್ಲಿಯೇ ನಿಂತೆವು. ಅದು ನಮ್ಮದೇ ಭಂಗಿ. ದಿನವೆಲ್ಲ ಕಾಯಿ ಸುಲಿದು ದಣಿದು ಬಂದ ನಮ್ಮ ತಂದೆ ಸಂಜೆ ಜಗುಲಿಯ ಮೇಲೆ ಕುಳಿತು ನಮ್ಮಿಂದ ಮಗ್ಗಿ ಹೇಳಿಸುತ್ತಿದ್ದರು. ಹದಿಮೂರರ ಮಗ್ಗಿಯಲ್ಲಿ ಏಳನೆಯ ಸಾಲಿಗೆ ಬಂದೊಡನೆ ನಮ್ಮ ನಾಲಗೆ ತಡವರಿಸುತ್ತಿದ್ದಿತು. ಆಗ ಬರುತ್ತಿದ್ದ ಶಬ್ದವೂ ‘ದಂಡಪಿಂಡ’ವೇ. ಅದರ ಹಿಂದೆಯೇ ಕೈಯೂ ಬರುತ್ತಿದ್ದಿತು. ಎಡಗೈಯಿಂದ ಕಿವಿಯನ್ನು ಮುಚ್ಚಿಕೊಂಡು ಭುಜವನ್ನು ಎತ್ತುವುದನ್ನು ನಾವು ಆ ಜಗುಲಿಯ ಮೇಲೆ ಕಲಿತೆವು. ದೊಡ್ಡವರಾದ ಮೇಲೆ ಯಾರನ್ನೂ ಹಾಗೆ ಬೈಯಲಾರೆವೆಂದು ಅಂದೇ ನಿಶ್ಚಯ ಮಾಡಿಕೊಂಡಿದ್ದೆವು. ಹಾಗಿದ್ದರೂ ಇಪ್ಪತ್ತು ವರ್ಷಗಳ ಮೇಲೆ, ಎರಡು ಸಾವಿರ ಕಿಲೋಮೀಟರಿಗೂ ದೂರದ ಊರಿನಲ್ಲಿ, ಅದೇ ಶಬ್ದ ಅದೇ ಧ್ವನಿಯಲ್ಲಿ ನಮ್ಮ ಬಾಯಿಂದ ಹೊರಟಿತು. ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂದವರು ಗೆದ್ದರೆಂದು ಅಂದು ತೋರಿತು.

ಮಾರನೆಯ ದಿನ ತರಗತಿಯ ಎಲ್ಲರ ಮುಂದೆ ಆ ಹುಡುಗನ ಕ್ಷಮೆ ಕೇಳಿದೆವು. ಅವನು ಎದ್ದುನಿಂತು ಸಹಜವಾದ ಧ್ವನಿಯಲ್ಲಿ, “ಪರವಾಗಿಲ್ಲ ಸರ್, ನನಗೆ ಮನೆಯಲ್ಲಿ ಅಭ್ಯಾಸವಾಗಿದೆ” ಎಂದ. ಅವನು ಅತ್ತಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಧೈರ್ಯ ಮಾಡಿ ತಂದೆಯವರೊಡನೆ ಈ ಮಾತನ್ನು ತೆಗೆದೆವು. ದೂರುವುದಕ್ಕಾಗಿ ಅಲ್ಲ, ನಡೆದುದನ್ನು ಹೇಳಿ, ಮಗ್ಗಿಯ ಸಂಜೆಗಳು ನೆನಪಿವೆಯೇ ಎಂದು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, “ನಮ್ಮಪ್ಪ ನನ್ನ ಕಂಬಕ್ಕೆ ಕಟ್ಟಾಕಿ ಹುಣಿಸೆ ಬರಲಲ್ಲಿ ಬಾರಿಸ್ತಿದ್ರು ಕಣಪ್ಪ. ಅದರ ಮುಂದೆ ನಿನ್ನ ಹೂವಿನಂಗೆ ಸಾಕಿವ್ನಿ ಅಂದ್ಕೊಂಡಿದ್ದೆ” ಎಂದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ನಮಗೆ ಅದುವರೆಗೆ ಕಾಣದಿದ್ದುದು ಆಗ ಕಂಡಿತು. ತಾತನಿಂದ ಬಂದ ಹೊರೆಯಲ್ಲಿ ಅರ್ಧವನ್ನು ನಮ್ಮ ತಂದೆ ತಾವೇ ಇಳಿಸಿದ್ದರು. ಹುಣಿಸೆಯ ಬರಲು ನಮ್ಮ ಮನೆಯ ಹೊಸ್ತಿಲನ್ನು ದಾಟಿ ಬರಲಿಲ್ಲ. ಉಳಿದ ಅರ್ಧವನ್ನು ಇಳಿಸುವುದು ನಮ್ಮ ಪಾಲಿನ ಕೆಲಸವಾಗಿದ್ದಿತು. ಅದನ್ನು ಹೊತ್ತಿದ್ದೇವೆಂಬುದೇ ನಮಗೆ ತಿಳಿದಿರಲಿಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇಷ್ಟೇ: ಬಾಲ್ಯದಲ್ಲಿ ನಮಗೆ ಅಂಟಿದ ರೂಢಿಗಳಿಗೆ ನಾವು ಹೊಣೆಯಲ್ಲ, ಆದರೆ ಅವನ್ನು ಗುರುತಿಸಿ, ಮುಂದಿನವರಿಗೆ ದಾಟಿಸದೆ ನಿಲ್ಲಿಸುವುದಕ್ಕೆ ನಾವೇ ಹೊಣೆ. ಅದಕ್ಕಾಗಿ ದೊಡ್ಡವರಾಗುವ ತನಕ ಕಾಯಬೇಕಾಗಿಲ್ಲ.

ಮಗುವಿನಲ್ಲಿ ರೂಢಿಗಳು ಹೇಗೆ ಬೇರೂರುತ್ತವೆ? ಮಗು ತನ್ನ ಮನೆಯನ್ನು ಆರಿಸಿಕೊಂಡು ಬರುವುದಿಲ್ಲ. ಬಂದ ಮನೆಯಲ್ಲಿ ಬದುಕುವ ಉಪಾಯವನ್ನು ಅದು ತಾನೇ ಕಂಡುಕೊಳ್ಳುತ್ತದೆ. ಅತ್ತರೆ ಏಟು ಬೀಳುವ ಮನೆಯಲ್ಲಿ ಅಳದಿರುವುದನ್ನು ಕಲಿಯುತ್ತದೆ. ಮೊದಲ ಸ್ಥಾನ ಬಂದರೆ ಮಾತ್ರ ಮುದ್ದು ದೊರೆಯುವ ಮನೆಯಲ್ಲಿ ಎರಡನೆಯ ಸ್ಥಾನಕ್ಕೆ ನಡುಗುವುದನ್ನು ಕಲಿಯುತ್ತದೆ. ಇದು ಮಗುವಿನ ದೋಷವಲ್ಲ, ಜಾಣತನ. ತೊಂದರೆ ಬರುವುದು ಮುಂದೆ. ನಮ್ಮ ಈ ದೆಹಲಿಯ ಹವೆಯನ್ನೇ ನೋಡಿರಿ. ಜನವರಿಯ ಕೊರೆಯುವ ಚಳಿಯಲ್ಲಿ ಉಣ್ಣೆಯ ಸ್ವೆಟರನ್ನು ತೊಡದಿರುವವನು ಅವಿವೇಕಿ. ಆದರೆ ಮೇ ತಿಂಗಳ ಬಿಸಿಗಾಳಿ ಬೀಸುವಾಗಲೂ ಅದನ್ನು ಕಳಚದಿದ್ದರೆ? ಬೆವರು ಸುರಿಯುತ್ತದೆ, ತಲೆ ಸುತ್ತುತ್ತದೆ. ಕಾರಣ ಮಾತ್ರ ಹೊಳೆಯುವುದಿಲ್ಲ, ಏಕೆಂದರೆ ಸ್ವೆಟರು ಮೈಯ ಚರ್ಮವೇ ಆಗಿಹೋಗಿರುತ್ತದೆ. ಬಾಲ್ಯದ ಎಷ್ಟೋ ರೂಢಿಗಳು ಇಂಥ ಸ್ವೆಟರುಗಳು.

ನಮ್ಮ ಶಾಲೆಯಂಥ ಶಾಲೆಗಳ ಮಕ್ಕಳಲ್ಲಿ ನಾವು ಕಂಡ ಕೆಲವು ರೂಢಿಗಳನ್ನು ಹೇಳುತ್ತೇವೆ. ಯಾವ ಒಬ್ಬರನ್ನೂ ಮನಸ್ಸಿನಲ್ಲಿಟ್ಟು ಬರೆದುದಲ್ಲ. ಹಲವರಲ್ಲಿ ಕಂಡುದನ್ನು ಒಂದೆಡೆ ಸೇರಿಸಿದ್ದೇವೆ. ತಂದೆಗೆ ಕೇಂದ್ರ ಸರಕಾರದ ಕೆಲಸ, ಮೂರು ನಾಲ್ಕು ವರ್ಷಗಳಿಗೊಮ್ಮೆ ವರ್ಗ. ಊರು ಬಿಡುವಾಗಲೆಲ್ಲ ಗೆಳೆಯರನ್ನು ಕಳೆದುಕೊಂಡು ಅತ್ತ ಹುಡುಗ, ಮೂರನೆಯ ಊರಿಗೆ ಬರುವ ಹೊತ್ತಿಗೆ ಗೆಳೆತನವನ್ನೇ ಮಾಡದಿರಲು ಕಲಿತಿರುತ್ತಾನೆ. ‘ಗರ್ವಿ’ ಎಂದು ಅವನಿಗೆ ಹೆಸರು ಬರುತ್ತದೆ. ಇನ್ನೊಬ್ಬಳ ತಾಯಿತಂದೆಗಳು ದುಡಿಮೆಗಾಗಿ ಇಲ್ಲಿಗೆ ಬಂದವರು, ಹಿಂದಿ ಬಾರದವರು. ಎಂಟು ವರ್ಷದಿಂದಲೂ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಪಡಿತರದ ಅಂಗಡಿಯಲ್ಲಿ ಅವರ ಪರವಾಗಿ ಮಾತನಾಡುವವಳು ಅವಳೇ. ಮನೆಯ ಕಷ್ಟಗಳೆಲ್ಲ ಅವಳ ನಾಲಗೆಯ ಮೂಲಕವೇ ಹಾದುಹೋಗುತ್ತವೆ. ಅಂಥವಳು ಎಲ್ಲರಿಗೂ ನೆರವಾಗುತ್ತಾಳೆ. ತನಗೆ ನೆರವು ಬೇಕೆಂದು ಕೇಳುವುದು ಮಾತ್ರ ಅವಳಿಗೆ ತಿಳಿಯದು. ಮತ್ತೊಬ್ಬ ಹುಡುಗನ ಉಚ್ಚಾರಣೆಯನ್ನು ಓಣಿಯ ಮಕ್ಕಳು ಅಣಕಿಸುತ್ತಿದ್ದರು. ಅವನು ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ. ಉತ್ತರ ಬಾರದೆಂದು ನಾವು ಉಪಾಧ್ಯಾಯರು ತಿಳಿಯುತ್ತೇವೆ. ಅವನಿಗೆ ಉತ್ತರ ಬರುತ್ತದೆ, ಧ್ವನಿ ಬರುವುದಿಲ್ಲ.

ಈ ವಿಚಾರವನ್ನು ಗ್ರಂಥದಲ್ಲಿ ಕಾಣಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಎಸ್. ಎಲ್. ಭೈರಪ್ಪನವರ ಹೆಸರನ್ನು ನೀವು ಕೇಳಿದ್ದೀರಿ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಅವರು ೨೦೨೫ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ೧೯೬೦ರ ದಶಕದ ಕೊನೆಯ ವರ್ಷಗಳಲ್ಲಿ ಅವರು ನಮ್ಮ ಈ ದೆಹಲಿಯಲ್ಲಿಯೇ, ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಲಿಯಲ್ಲಿ ಅಧ್ಯಾಪಕರಾಗಿದ್ದರು. ನಿಮ್ಮ ಪಠ್ಯಪುಸ್ತಕಗಳ ಮೇಲೆ ಎನ್‌ಸಿಇಆರ್‌ಟಿ ಎಂದು ಅಚ್ಚಾಗಿರುವುದು ಆ ಸಂಸ್ಥೆಯ ಹೆಸರೇ. ಬಾಲ್ಯದಲ್ಲಿಯೇ ಅವರು ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಿಂದ ಕಳೆದುಕೊಂಡಿದ್ದರು. ಓದಿಗಾಗಿ ಸಿಕ್ಕಿದ ಕೆಲಸಗಳನ್ನೆಲ್ಲ ಮಾಡಿದರು. ಒಮ್ಮೆ ಓದನ್ನೇ ಬಿಟ್ಟು ಅಲೆದಾಡುತ್ತ ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿಯಾಗಿಯೂ ದುಡಿದರು. ಆ ಬಾಲ್ಯದ ಅನುಭವವನ್ನೇ ಮೂಲದ್ರವ್ಯವಾಗಿ ಉಳ್ಳ ‘ಗೃಹಭಂಗ’ ಕಾದಂಬರಿ ಅವರು ದೆಹಲಿಯಲ್ಲಿದ್ದ ಕಾಲದಲ್ಲಿ, ೧೯೭೦ರಲ್ಲಿ, ಪ್ರಕಟವಾಯಿತು. ತಮ್ಮ ಜೀವನವನ್ನು ನೇರವಾಗಿ ಹೇಳಿದ ‘ಭಿತ್ತಿ’ ಬಂದುದು ೧೯೯೬ರಲ್ಲಿ.

‘ಗೃಹಭಂಗ’ ನಡೆಯುವುದು ನಮ್ಮ ಸೀಮೆಯಲ್ಲಿಯೇ. ಅದರಲ್ಲಿ ಗಂಗಮ್ಮನೆಂಬ ವಿಧವೆಯಿದ್ದಾಳೆ. ಬೈಗುಳವೇ ಅವಳ ಭಾಷೆ. ಆ ಬೈಗುಳದಲ್ಲಿಯೇ ಬೆಳೆದ ಅವಳ ಮಕ್ಕಳು, ಚೆನ್ನಿಗರಾಯನೂ ಅಪ್ಪಣ್ಣಯ್ಯನೂ, ಅದೇ ಭಾಷೆಯನ್ನು ಕಲಿತು ತಮ್ಮ ಹೆಂಡಿರ ಮೇಲೆ ಪ್ರಯೋಗಿಸುತ್ತಾರೆ. ಚೆನ್ನಿಗರಾಯ ಶಾನುಭೋಗನಾದರೂ ಅವನ ಲೆಕ್ಕವನ್ನು ಬರೆದುಕೊಡುವವಳು ಹೆಂಡತಿ ನಂಜಮ್ಮ. ಮುತ್ತುಗದ ಎಲೆಗಳನ್ನು ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯುವವಳೂ ಅವಳೇ. ಓದಿದವರೆಲ್ಲ ಗಂಗಮ್ಮನನ್ನೂ ಚೆನ್ನಿಗರಾಯನನ್ನೂ ಶಪಿಸುತ್ತಾರೆ. ನಾವೂ ಮೊದಲ ಸಲ ಹಾಗೆಯೇ ಮಾಡಿದೆವು. ತಂದೆಯವರ ಮಾತನ್ನು ಕೇಳಿದ ಮೇಲೆ ಎರಡನೆಯ ಸಲ ಓದಿದಾಗ ಬೇರೊಂದು ಕಂಡಿತು. ಲೇಖಕರು ಯಾರನ್ನೂ ಬಣ್ಣ ಬಳಿದು ಉಳಿಸಿಲ್ಲ, ಹಾಗೆಂದು ಯಾರ ಮೇಲೂ ಸೇಡು ತೀರಿಸಿಕೊಂಡಿಲ್ಲ. ಇಂಥವರು ಇಂಥ ಮನೆಯಲ್ಲಿ ಹೀಗಾದರು ಎಂದು ಕಂಡಂತೆ ಬರೆದಿದ್ದಾರೆ. ಇಷ್ಟು ನೊಂದವನು ಇಷ್ಟು ನೆಟ್ಟಗೆ ನೋಡಬಲ್ಲನೆಂಬುದೇ ನಮ್ಮ ಮಟ್ಟಿಗೆ ಆ ಗ್ರಂಥದ ದೊಡ್ಡ ಪಾಠ. ನೋವನ್ನು ಮರೆಯುವುದು ಬೇರೆ, ನೋವನ್ನು ತಿಳಿಯುವುದು ಬೇರೆ. ಮರೆತ ನೋವು ನಮ್ಮ ಬೆನ್ನ ಹಿಂದೆ ನಿಂತು ನಮ್ಮನ್ನು ನಡೆಸುತ್ತದೆ. ತಿಳಿದ ನೋವು ಕಣ್ಣ ಮುಂದೆ ಇರುತ್ತದೆ.

ಆ ಕಾದಂಬರಿಯಲ್ಲಿ ಇನ್ನೊಂದು ವಿಷಯ ಗಮನಾರ್ಹವಾದುದು. ನಂಜಮ್ಮನ ದೊಡ್ಡ ಮಕ್ಕಳಿಬ್ಬರು ಪ್ಲೇಗಿಗೆ ತುತ್ತಾಗುತ್ತಾರೆ; ಕೊನೆಗೆ ಅವಳೂ ಅದರಿಂದಲೇ ಸಾಯುತ್ತಾಳೆ. ಉಳಿದ ಹುಡುಗ ವಿಶ್ವನ ಕೈ ಹಿಡಿಯುವವರು ರಕ್ತಸಂಬಂಧಿಗಳಲ್ಲ, ಊರಿನಲ್ಲಿದ್ದ ಮಹಾದೇವಯ್ಯನವರೆಂಬ ಜಂಗಮರು. ಕಥೆಯಲ್ಲಿ ಮಾತ್ರ ಹೀಗಾಗುವುದೆಂದು ನೀವು ಹೇಳಬಹುದು. ಆದುದರಿಂದ ಕಥೆಯನ್ನು ಬಿಟ್ಟು ವಿಜ್ಞಾನದ ಕಡೆಗೆ ತಿರುಗೋಣ.

ಶಾಂತಸಾಗರದ ಹವಾಯಿ ದ್ವೀಪಗಳಲ್ಲಿ ಕವಾಯಿ ಎಂಬುದೊಂದು. ೧೯೫೫ರಲ್ಲಿ ಅಲ್ಲಿ ಹುಟ್ಟಿದ ೬೯೮ ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ತಮ್ಮ ಸಹಾಯಕರೊಡನೆ ನಲವತ್ತು ವರ್ಷಗಳವರೆಗೆ ಅನುಸರಿಸಿ ನೋಡಿದರು. ಆ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಬಡತನ, ಮನೆಯ ಕಲಹ, ತಾಯಿತಂದೆಗಳ ಕುಡಿತ ಅಥವಾ ಮನೋರೋಗ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದವರು. ನಮ್ಮ ಗಾದೆ ಪೂರ್ತಿ ನಿಜವಾಗಿದ್ದರೆ ಇವರೆಲ್ಲರೂ ಕೆಟ್ಟುಹೋಗಬೇಕಾಗಿದ್ದಿತು. ಅನೇಕರಿಗೆ ತೊಂದರೆಯಾದುದು ನಿಜ. ಆದರೆ ಇವರಲ್ಲಿಯೇ ಮೂರರಲ್ಲಿ ಒಂದು ಪಾಲು ಸಮರ್ಥರೂ ಆತ್ಮವಿಶ್ವಾಸವುಳ್ಳವರೂ ಇತರರಲ್ಲಿ ಮರುಕವುಳ್ಳವರೂ ಆಗಿ ಬೆಳೆದರು. ಹದಿಹರೆಯದಲ್ಲಿ ದಾರಿ ತಪ್ಪಿದವರಲ್ಲಿಯೂ ಬಹುಮಂದಿ ಮೂವತ್ತು ನಲವತ್ತರ ವಯಸ್ಸಿಗೆ ಸರಿದಾರಿಗೆ ಬಂದಿದ್ದರು. ಗೆದ್ದವರ ಬಾಳಿನಲ್ಲಿ ಸಾಮಾನ್ಯವಾಗಿ ಕಂಡುಬಂದ ಒಂದು ಅಂಶವೆಂದರೆ, ಅವರನ್ನು ಇದ್ದಂತೆಯೇ ಒಪ್ಪಿಕೊಂಡ ಕನಿಷ್ಠ ಒಬ್ಬ ಹಿರಿಯ ವ್ಯಕ್ತಿಯ ಆಸರೆ. ಆ ವ್ಯಕ್ತಿ ಅಜ್ಜಿಯಾಗಿರಬಹುದು, ನೆರೆಯವರಾಗಿರಬಹುದು, ಶಾಲೆಯ ಉಪಾಧ್ಯಾಯರಾಗಿರಬಹುದು. ಇದನ್ನು ಓದಿದಾಗ ನಮಗೆ ಆ ಹಿಂದಿನ ಸಾಲಿನ ಹುಡುಗ ನೆನಪಾದ. ಅವನಿಗೆ ಆಸರೆಯಾಗಬಹುದಾಗಿದ್ದ ಒಬ್ಬ ಹಿರಿಯರು, ಅಂದು ಅವನ ಮುಂದೆ ಪುಸ್ತಕವನ್ನೆಸೆದ ನಾವೇ ಅಲ್ಲವೆ?

ಇಷ್ಟು ಹೇಳಿದೊಡನೆ ಕೆಲವು ಆಕ್ಷೇಪಣೆಗಳು ಏಳುತ್ತವೆ. ಮೊದಲನೆಯದು, ಇದು ಮಾತಾಪಿತೃಗಳ ನಿಂದೆಯೆಂಬುದು. ಹಾಗಲ್ಲವೆಂದು ನಾವು ದೃಢವಾಗಿ ನಂಬುತ್ತೇವೆ. ತಂದೆಯವರನ್ನು ಕೇಳುವ ಮೊದಲು ಅವರಲ್ಲಿ ನಮಗೆ ಭಯವಿದ್ದಿತು. ಕೇಳಿದ ಮೇಲೆ ಅವರಲ್ಲಿ ಕಂಬಕ್ಕೆ ಕಟ್ಟಿಸಿಕೊಂಡ ಒಬ್ಬ ಹುಡುಗನನ್ನು ಕಂಡೆವು. ಅಂದಿನಿಂದ ಅವರ ಮೇಲಿನ ಪ್ರೀತಿ ಹೆಚ್ಚಿದೆಯೇ ಹೊರತು ಕಡಮೆಯಾಗಿಲ್ಲ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಹೊಡೆದವರು ಏಕೆ ಹೊಡೆದರೆಂದು ತಿಳಿಯುವುದು, ಹೊಡೆದುದು ಸರಿಯೆಂದು ಒಪ್ಪಿಕೊಂಡಂತಲ್ಲ. ಇಂದಿಗೂ ಮನೆಯಲ್ಲಾಗಲಿ ಹೊರಗಾಗಲಿ ಪೆಟ್ಟು ತಿನ್ನುತ್ತಿರುವ ಮಗು ಮೊದಲು ಮಾಡಬೇಕಾದುದು ಹೊಡೆಯುವವರ ಬಾಲ್ಯವನ್ನು ವಿಚಾರಿಸುವುದಲ್ಲ. ನಂಬಿಕೆಗೆ ಪಾತ್ರರಾದವರಿಗೆ ತಿಳಿಸಿ ರಕ್ಷಣೆ ಪಡೆಯುವುದು.

ಎರಡನೆಯ ಆಕ್ಷೇಪಣೆ, “ಪೆಟ್ಟು ತಿಂದೇ ನಾವು ಮನುಷ್ಯರಾದೆವು” ಎಂಬುದು. ಇದನ್ನು ನಮ್ಮ ಸಹೋದ್ಯೋಗಿಗಳ ಬಾಯಲ್ಲಿಯೂ ಕೇಳಿದ್ದೇವೆ. ಪೆಟ್ಟಿನಿಂದ ನಾವು ಹದಿಮೂರರ ಮಗ್ಗಿಯನ್ನು ಕಲಿತುದು ನಿಜವೇ? ಇಲ್ಲ. ಅದನ್ನು ಕಲಿಸಿದವರು ನಮ್ಮ ಸೋದರತ್ತೆ. ಹುಣಿಸೆಬೀಜಗಳನ್ನು ಏಳೇಳರಂತೆ ಸಾಲಾಗಿಟ್ಟು ಎಣಿಸಿ ತೋರಿಸಿದರು. ಪೆಟ್ಟು ಕಲಿಸಿದುದು ಕಿವಿ ಮುಚ್ಚಿಕೊಳ್ಳುವುದನ್ನು. ಇಂದಿಗೂ ಏಳನೆಯ ಸಾಲಿಗೆ ಬಂದಾಗ ನಮ್ಮ ಎದೆ ಒಮ್ಮೆ ಢವಗುಟ್ಟುತ್ತದೆ. ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಪ್ರಕರಣ ಮಗುವಿಗೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲದೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ‘ದಂಡಪಿಂಡ’ ಎಂಬ ಶಬ್ದವೂ ಅದರ ವ್ಯಾಪ್ತಿಗೆ ಬರುವುದೆಂದು ನಾವು ತಿಳಿದಿದ್ದೇವೆ.

ಮೂರನೆಯದು ನಿಮ್ಮ ಕಡೆಯಿಂದಲೇ ಬರಬಹುದಾದ ನೆಪ. ‘ನನ್ನ ಕೋಪಕ್ಕೆ ನನ್ನ ಬಾಲ್ಯವೇ ಕಾರಣ, ಆದುದರಿಂದ ನಾನೇನೂ ಮಾಡಲಾರೆ’ ಎಂದು ಕೈಚೆಲ್ಲಿ ಕುಳಿತರೆ ಅದು ತಿಳಿವಳಿಕೆಯಲ್ಲ, ಸೋಮಾರಿತನ. ಕಾಲಿಗೆ ಚುಚ್ಚಿದ ಮುಳ್ಳನ್ನು ಹುಡುಕುವುದು ತೆಗೆಯುವುದಕ್ಕಾಗಿ. ತೋರಿಸಿಕೊಂಡು ತಿರುಗುವುದಕ್ಕಾಗಿ ಅಲ್ಲ.

ಹಾಗಾದರೆ ತೆಗೆಯುವ ಬಗೆ ಹೇಗೆ? ನಾವು ವೈದ್ಯರಲ್ಲ; ನಮಗೆ ಪ್ರಯೋಜನವಾದುದನ್ನು ಮಾತ್ರ ಹೇಳುತ್ತೇವೆ. ಮೊದಲನೆಯದಾಗಿ, ಗಮನಿಸುವುದು. ಸಣ್ಣ ಕಾರಣಕ್ಕೆ ದೊಡ್ಡ ಕೋಪವೋ ದೊಡ್ಡ ಭಯವೋ ಬಂದಾಗ, ‘ಇದು ಇಂದಿನದೋ, ಹಿಂದಿನದೋ?’ ಎಂದು ತನ್ನನ್ನು ಕೇಳಿಕೊಳ್ಳುವುದು. ಕಾರಣಕ್ಕೂ ಕೋಪಕ್ಕೂ ಅಳತೆ ಹೊಂದದಿದ್ದರೆ ಉಳಿದ ಭಾಗ ಹಳೆಯ ಬಾಕಿಯೆಂದು ತಿಳಿಯಬೇಕು. ತರಗತಿಯಲ್ಲಿ ಆ ಶಬ್ದ ಇಂದಿಗೂ ನಮ್ಮ ಗಂಟಲಿನ ತನಕ ಬರುವುದುಂಟು. ಆಗ ಸೀಮೆಸುಣ್ಣವನ್ನು ಕೆಳಗಿಟ್ಟು, ಕಿಟಕಿಯ ಹತ್ತಿರ ಹೋಗಿ, ಹೊರಗಿನ ಬೇವಿನ ಮರವನ್ನು ಒಂದು ನಿಮಿಷ ನೋಡಿ ಬರುತ್ತೇವೆ. ಮೇಷ್ಟರು ಪದೇ ಪದೇ ಬೇವಿನ ಮರವನ್ನು ನೋಡುವುದೇಕೆಂದು ನಿಮ್ಮಲ್ಲಿ ಕೆಲವರು ನಗುವುದು ನಮಗೆ ಗೊತ್ತು. ಕಾರಣ ಇದೇ.

ಎರಡನೆಯದಾಗಿ, ಬರೆಯುವುದು. ೧೯೮೬ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ತಮ್ಮ ಸಹೋದ್ಯೋಗಿಯೊಡನೆ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಕಾಲೇಜಿನ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷದಂತೆ ಬರೆದರು. ತಮ್ಮ ಬಾಳಿನ ಕಹಿ ಘಟನೆಯನ್ನೂ ಅದರ ಬಗೆಗಿನ ತಮ್ಮ ಭಾವನೆಗಳನ್ನೂ ಬರೆದವರು, ಸಾಮಾನ್ಯ ವಿಷಯಗಳನ್ನು ಬರೆದವರಿಗಿಂತ, ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ವೈದ್ಯರ ಬಳಿಗೆ ಕಡಮೆ ಸಲ ಹೋದರು. ಬರೆದ ದಿನ ಅವರಿಗೆ ದುಃಖ ಹೆಚ್ಚಾಗಿಯೇ ಇದ್ದಿತು. ಉಪಶಮನ ಬಂದುದು ಅನಂತರ. ನೀವೂ ಒಂದು ಪುಸ್ತಕವನ್ನು ಇಟ್ಟುಕೊಂಡು ಬರೆಯಬಹುದು. ಅದನ್ನು ಕನ್ನಡದಲ್ಲಿ ಬರೆಯಿರಿ ಎಂಬುದು ನಮ್ಮ ಸಲಹೆ. ಈ ನಗರದಲ್ಲಿ ವ್ಯವಹಾರಕ್ಕೆ ಹಿಂದಿಯುಂಟು, ಪರೀಕ್ಷೆಗೆ ಇಂಗ್ಲಿಷುಂಟು. ಆದರೆ ಮಗುವಾಗಿದ್ದಾಗ ಯಾವ ಮಾತಿನಲ್ಲಿ ಅತ್ತೆವೋ ಆ ಮಾತಿನಲ್ಲಿಯೇ ಆ ಅಳುವನ್ನು ಹೇಳುವುದು ಸುಲಭ. ಒತ್ತಕ್ಷರಗಳು ತಪ್ಪಿದರೆ ಚಿಂತೆಯಿಲ್ಲ. ಆ ಪುಸ್ತಕವನ್ನು ತಿದ್ದಲು ನಾವು ಕೇಳುವುದಿಲ್ಲ. ಬರೆಯುತ್ತ ದುಃಖ ತಡೆಯಲಾರದಷ್ಟಾದರೆ ನಿಲ್ಲಿಸಿ, ಯಾರೊಡನಾದರೂ ಮಾತನಾಡಿರಿ.

ಮೂರನೆಯದಾಗಿ, ಒಬ್ಬರಿಗೆ ಹೇಳುವುದು. ಮನಸ್ಸಿಗೆ ವೈದ್ಯರನ್ನು ಕಾಣುವುದು ನಾಚಿಕೆಯ ವಿಷಯವಲ್ಲವೆಂದು ಕನ್ನಡಿಗರಿಗೆ ಕನ್ನಡದಲ್ಲಿಯೇ ತಿಳಿಹೇಳಿದವರಿದ್ದಾರೆ. ‘ಕೊರವಂಜಿ’ಯ ಮೂಲಕ ನಾಡನ್ನು ನಗಿಸಿದ ವೈದ್ಯ ಎಂ. ಶಿವರಾಂ ಅವರು ಮನೋರೋಗಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸರಳವಾದ ಕನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದಿದ್ದಾರೆ. ೨೦೨೨ರ ಅಕ್ಟೋಬರ್ ೧೦ರಂದು ಭಾರತ ಸರಕಾರವು ಆರಂಭಿಸಿದ ‘ಟೆಲಿ ಮಾನಸ್’ ಎಂಬ ದೂರವಾಣಿ ಸೇವೆಯ ಸಂಖ್ಯೆ ೧೪೪೧೬. ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಹಣವಿಲ್ಲದೆ ಮಾತನಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಅಪಾಯದಲ್ಲಿರುವ ಮಕ್ಕಳಿಗಾಗಿ ೧೦೯೮ ಎಂಬ ಸಂಖ್ಯೆಯುಂಟು. ಇವೆರಡನ್ನೂ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿರಿ. ಇದಕ್ಕೂ ಮೊದಲು, ನಮ್ಮ ಉಪಾಧ್ಯಾಯರ ಕೊಠಡಿಯ ಬಾಗಿಲು ತೆರೆದಿರುತ್ತದೆ.

ನಾಲ್ಕನೆಯದು ಇಂದೇ ಮಾಡಬಹುದಾದುದು. ನಿಮಗೆ ತಮ್ಮಂದಿರು, ತಂಗಿಯರು ಇದ್ದಾರೆ. ಕೆಳಗಿನ ತರಗತಿಯ ಮಕ್ಕಳಿದ್ದಾ‌ರೆ. ಮನೆಯಲ್ಲಿ ಬೈಸಿಕೊಂಡು ಬಂದ ದಿನ ನಿಮ್ಮ ಬಾಯಿಂದ ಅವರ ಮೇಲೆ ಯಾವ ಶಬ್ದ ಬೀಳುತ್ತದೆಂಬುದನ್ನು ಆಲಿಸಿರಿ. ಅದು ಯಾರ ಶಬ್ದ? ಎಲ್ಲಿಂದ ಬಂದಿತು? ಆ ಒಂದು ಶಬ್ದವನ್ನು ನುಂಗಿಕೊಂಡರೆ ನಿಮ್ಮ ಮನೆತನದ ಹೊರೆಯಲ್ಲಿ ಅಷ್ಟನ್ನು ನೀವು ಇಳಿಸಿದಂತಾಯಿತು.

ಇನ್ನು ಗಾದೆಯ ವಿಷಯ. ಅದನ್ನು ಹೇಳಿದ ಹಿರಿಯರು ಸುಳ್ಳು ಹೇಳಲಿಲ್ಲ. ಮೂರು ವರ್ಷದ ಬುದ್ಧಿ ತಾನಾಗಿ ಹೋಗುವುದಿಲ್ಲ. ಯಾರೂ ನೋಡದೆ ಬಿಟ್ಟರೆ ಅದು ನೂರು ವರ್ಷವೂ ಇರುತ್ತದೆ, ಮಕ್ಕಳಿಗೂ ದಾಟುತ್ತದೆ. ನೋಡಿದವರ ವಿಷಯವನ್ನು ಗಾದೆ ಹೇಳಲಿಲ್ಲ, ಅಷ್ಟೆ. ನಾವು ಪೂರ್ತಿ ಬದಲಾಗಿದ್ದೇವೆಂದು ಹೇಳಿಕೊಳ್ಳುವಂತಿಲ್ಲ. ಬೇವಿನ ಮರದ ಸಂಗತಿಯನ್ನು ಆಗಲೇ ಒಪ್ಪಿಕೊಂಡಿದ್ದೇವೆ. ಆದರೆ ಆ ಶಬ್ದ ನಮ್ಮ ತರಗತಿಯಲ್ಲಿ ಮತ್ತೆ ಕೇಳಿಬಂದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆವು. ನಮ್ಮ ತಂಗಿಯ ಮಗ ಅದೇ ಜಗುಲಿಯ ಮೇಲೆ ತಾತನ ಮುಂದೆ ಮಗ್ಗಿ ಹೇಳುತ್ತಿದ್ದ. ಹದಿಮೂರರ ಏಳನೆಯ ಸಾಲಿನಲ್ಲಿ ಅವನೂ ತಡೆದ. ನಮ್ಮ ಎಡಗೈ ತಾನಾಗಿಯೇ ಮೇಲೆದ್ದಿತು. ತಂದೆಯವರು ನಮ್ಮ ಕಡೆಗೆ ಒಮ್ಮೆ ನೋಡಿದರು. ಅನಂತರ ಮೊಮ್ಮಗನ ಕಡೆಗೆ ತಿರುಗಿ, “ಪರವಾಗಿಲ್ಲ ಕಣಪ್ಪ, ಇನ್ನೊಂದ್ ಕಿತ ಹೇಳು” ಎಂದರು. ಅವರಿಗೆ ಈಗ ಎಪ್ಪತ್ತು ವರ್ಷ. ಮರವಾಗಿ ಬಗ್ಗೀತೇ ಎಂದು ಕೇಳುವವರಿಗೆ ನಮ್ಮ ಬಳಿ ಇರುವ ಉತ್ತರ ಇದೊಂದೇ. ನೀವಾದರೋ ಇನ್ನೂ ಗಿಡಗಳು. ನಿಮ್ಮ ಪಾಲಿನ ಹೊರೆಯನ್ನು ಗುರುತಿಸಿ ಇಳಿಸುವ ಧೈರ್ಯವೂ, ಇಳಿಸುವಾಗ ಕೈನೀಡುವ ಒಬ್ಬ ಹಿರಿಯರೂ ನಿಮಗೆಲ್ಲರಿಗೂ ದೊರೆಯಲೆಂದು ಹಾರೈಸುತ್ತೇವೆ.